ಕಪಾಟಿನಲ್ಲಿರುವ ಕೀಪ್ಯಾಡ್ ಫೋನ್ ಕೊಡಗಿನ ಮಳೆಗಾಲಕ್ಕೆ ಆಗುತ್ತಾ?

ಕಳೆದ ಜುಲೈನಲ್ಲಿ ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ನಾಪೋಕ್ಲು ಕಡೆಯ ತೋಟದ ಮನೆಗಳಿಗೆ ಇದು ಹೊಸದಲ್ಲ. ಗಾಳಿಗೆ ಸಿಲ್ವರ್ ಮರ ಮುರಿದು ಲೈನಿನ ಮೇಲೆ ಬೀಳುತ್ತದೆ. ಲೈನ್‌ಮನ್‌ಗಳು ಆ ಮಳೆಯಲ್ಲೇ ಬಂದು ಸರಿ ಮಾಡುವಷ್ಟರಲ್ಲಿ ಇನ್ನೊಂದು ಕಡೆ ಬಿದ್ದಿರುತ್ತದೆ. ಮೂರನೇ ರಾತ್ರಿ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಏಳಲು ಆಗಲಿಲ್ಲ. ನನ್ನ ಸ್ಮಾರ್ಟ್‌ಫೋನ್ ಸಂಜೆಯೇ ಆಫ್ ಆಗಿತ್ತು. ಕಪಾಟಿನಲ್ಲಿ ಹಳೆಯ ಕೀಪ್ಯಾಡ್ ಫೋನ್ ಇತ್ತು, ಕಷ್ಟಕಾಲಕ್ಕೆ ಇರಲಿ ಅಂತ ಎತ್ತಿಟ್ಟಿದ್ದು. ತೆಗೆದು ನೋಡಿದರೆ ಬ್ಯಾಟರಿ ಉಬ್ಬಿ, ಹಿಂದಿನ ಮುಚ್ಚಳವೇ ಎದ್ದು ನಿಂತಿತ್ತು.

ಟಾರ್ಚ್ ಹಿಡಿದು ಲೈನ್ ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗೆ, ಓಡಿದೆ. ಅಲ್ಲಿ ನಮ್ಮ ತೋಟದಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರ ಹತ್ತಿರ ಸಣ್ಣ ಬಟನ್ ಫೋನ್ ಇತ್ತು. ಎರಡು ಕಡ್ಡಿ ರೇಂಜ್ ಕೂಡ ಇತ್ತು. ಆದರೆ ಯಾರಿಗೆ ಕರೆ ಮಾಡುವುದು? ಜೀಪ್ ಇಟ್ಟುಕೊಂಡಿರುವ ಪಕ್ಕದ ತೋಟದವರ ನಂಬರ್ ನನಗೆ ಬಾಯಿಗೆ ಬರುತ್ತಿರಲಿಲ್ಲ. ನೆನಪಿದ್ದುದು ಮೈಸೂರಿನಲ್ಲಿರುವ ತಮ್ಮನ ನಂಬರ್ ಒಂದೇ. ಅವನು ಅಲ್ಲಿಂದ ಅವರಿಗೆ ಫೋನ್ ಮಾಡಿ, ಆಮೇಲೆ ಜೀಪ್ ಬಂತು. ಅಮ್ಮ ಈಗ ಓಡಾಡುತ್ತಾರೆ. ಆ ಒಂದು ಗಂಟೆ ಮಾತ್ರ ನನಗೆ ಮರೆಯುವುದಿಲ್ಲ.

ಊರಿನಲ್ಲಿ ಇದನ್ನು ಹೇಳಿದಾಗ ಎಲ್ಲರದೂ ಒಂದೇ ಮಾತು. "ಕೀಪ್ಯಾಡ್ ಸೆಟ್ಟಿಗೆ ರೇಂಜ್ ಜಾಸ್ತಿ ಸಿಗುತ್ತೆ, ಒಂದು ತಗೊಂಡು ಇಟ್ಕೊಳ್ಳಿ." ನಾನೂ ಹಾಗೇ ನಂಬಿದ್ದೆ. ಆದರೆ ಆ ರಾತ್ರಿ ನಿಜವಾಗಿ ಕೆಲಸಕ್ಕೆ ಬಂದದ್ದು ಏನು ಅಂತ ಬಿಡಿಸಿ ನೋಡಿದೆ. ಅಕ್ಕನ ಫೋನಿನಲ್ಲಿ ಚಾರ್ಜ್ ಇತ್ತು, ಸರಿ. ಅದರಲ್ಲಿದ್ದ ಸಿಮ್ ಬೇರೆ ಕಂಪನಿಯದ್ದು. ನನ್ನ ಸಿಮ್ಮಿನ ಟವರ್ ಆ ದಿನ ಮಧ್ಯಾಹ್ನವೇ ನಿಂತುಹೋಗಿತ್ತು. ಅಂದರೆ ನನ್ನ ಕೀಪ್ಯಾಡ್ ಫೋನ್ ಹೊಸದಾಗಿ, ಪೂರ್ತಿ ಚಾರ್ಜ್ ಆಗಿ ಕೈಯಲ್ಲಿದ್ದರೂ, ಅದೇ ಸಿಮ್ ಹಾಕಿದ್ದರೆ ಕರೆ ಹೋಗುತ್ತಿರಲಿಲ್ಲ.

ಇದೇ ಈ ಲೇಖನದ ಮುಖ್ಯ ಮಾತು. ಮೊದಲನೇ ಫೋನ್ ಯಾವ ಕಾರಣಕ್ಕೆ ಕೈಕೊಡುತ್ತದೋ ಅದೇ ಕಾರಣಕ್ಕೆ ಎರಡನೆಯದೂ ಕೈಕೊಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಹಾಗಾಗಿ ಫೋನ್ ಕೊಳ್ಳುವ ಮೊದಲು, ನಮ್ಮಲ್ಲಿ ಫೋನ್ ಯಾಕೆ ಸಾಯುತ್ತದೆ ಅಂತ ನೋಡಬೇಕು.

ಮಳೆಗೆ ರೇಂಜ್ ಹೋಗುವುದು ಹೇಗೆ

ಮಳೆ ಜೋರಾದರೆ ರೇಂಜ್ ಹೋಗುತ್ತದೆ ಅಂತ ನಾವೆಲ್ಲ ಹೇಳುತ್ತೇವೆ. ಮೊಬೈಲ್ ಬಳಸುವ 900 ಅಥವಾ 1800 ಮೆಗಾಹರ್ಟ್ಸ್ ಅಲೆಗಳಿಗೆ ಮಳೆಹನಿಯಿಂದ ಅಷ್ಟೇನೂ ತೊಂದರೆ ಇಲ್ಲ. ತೊಂದರೆ ಟವರಿನ ಹಿಂಭಾಗದಲ್ಲಿದೆ. ಬೆಟ್ಟದ ಮೇಲಿನ ಎಷ್ಟೋ ಟವರುಗಳಿಗೆ ಕೇಬಲ್ ಇರುವುದಿಲ್ಲ. ಡಿಶ್ ತರಹದ ಆಂಟೆನಾದಿಂದ ಒಂದು ಟವರ್ ಇನ್ನೊಂದರ ಜೊತೆ ಮಾತಾಡುತ್ತದೆ. ಈ ಮೈಕ್ರೋವೇವ್ ಅಲೆಗಳು ತುಂಬಾ ಚಿಕ್ಕವು, ಅವನ್ನು ಜಡಿಮಳೆ ತಡೆಯುತ್ತದೆ. ಆಗ ಫೋನಿನಲ್ಲಿ ಕಡ್ಡಿ ಪೂರ್ತಿ ಕಾಣುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಕೇಬಲ್ ಇರುವ ಕಡೆ ಬೇರೆ ಕಥೆ. ಕೇಬಲ್ ರಸ್ತೆ ಬದಿಯಲ್ಲೇ ಹೋಗಿರುತ್ತದೆ. ಗುಡ್ಡದ ಬರೆ ಕುಸಿದು ರಸ್ತೆ ಹೋದರೆ ಕೇಬಲ್ಲೂ ಹೋಯಿತು, ಕರೆಂಟಿನ ಕಂಬವೂ ಹೋಯಿತು.

2018ರ ಆಗಸ್ಟ್ ತಿಂಗಳನ್ನು ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಎಲ್ಲ ಕಡೆ ಗುಡ್ಡ ಕುಸಿಯಿತು. ಮಡಿಕೇರಿ–ಸಂಪಾಜೆ ಹೆದ್ದಾರಿಯೇ ತುಂಡಾಯಿತು. ಮುಂದಿನ ವರ್ಷ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಂಥ ಹೊತ್ತಿನಲ್ಲಿ ಒಂದು ಕರೆ ಅಂದರೆ ಏನು ಅಂತ ದೂರದ ಊರಿನಲ್ಲಿ ಮಕ್ಕಳಿರುವ ಪ್ರತಿ ಮನೆಗೂ ಗೊತ್ತಿದೆ.

ಇಲ್ಲಿ ಟವರ್ ಕಡಿಮೆ ಇರುವುದಕ್ಕೂ ಕಾರಣ ಇದೆ. ಜಿಲ್ಲೆಯ ವಿಸ್ತಾರ 4,102 ಚದರ ಕಿಲೋಮೀಟರ್. 2011ರ ಜನಗಣತಿ ಪ್ರಕಾರ ಜನ ಸುಮಾರು 5.5 ಲಕ್ಷ. ಚದರ ಕಿಲೋಮೀಟರಿಗೆ 135 ಜನ, ರಾಜ್ಯದಲ್ಲೇ ಕಡಿಮೆ. ಒಂದು ಟವರ್ ಹಾಕಿದರೆ ಎಷ್ಟು ಗಿರಾಕಿ ಸಿಗುತ್ತಾರೆ ಅಂತ ನೋಡುವ ಕಂಪನಿಗೆ ನಮ್ಮ ಬೆಟ್ಟ, ತೋಟ ಲಾಭದ ಜಾಗವಲ್ಲ. ಕೊರೊನಾ ಕಾಲದಲ್ಲಿ ಶನಿವಾರಸಂತೆ ಹತ್ತಿರದ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಪಾಠ ಮಾಡಲು ರೇಂಜ್ ಸಿಗಲಿ ಅಂತ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡಿದ್ದರು.

ಇನ್ನು ಕರೆಂಟ್. ಟವರಿಗೂ ಅದೇ ಕರೆಂಟ್ ಬೇಕು. ಕರೆಂಟ್ ಹೋದರೆ ಬ್ಯಾಟರಿ ಮೇಲೆ ಕೆಲವು ಗಂಟೆ ನಡೆಯುತ್ತದೆ. ಆಮೇಲೆ ಜನರೇಟರ್, ಅದಕ್ಕೆ ಡೀಸೆಲ್. ಮಣ್ಣು ಕುಸಿದ ದಾರಿಯಲ್ಲಿ ಡೀಸೆಲ್ ಕ್ಯಾನ್ ತರುವವರು ಯಾರು? ಹಾಗಾಗಿ ಮೊದಲ ದಿನ ರೇಂಜ್ ಇರುತ್ತದೆ, ಎರಡನೇ ದಿನ ಇರುವುದಿಲ್ಲ.

ಹಳೆಯ ಲ್ಯಾಂಡ್‌ಲೈನ್ ಇದ್ದಾಗ ಈ ಕಷ್ಟ ಸ್ವಲ್ಪ ಕಡಿಮೆ ಇತ್ತು. ತಾಮ್ರದ ತಂತಿಯಲ್ಲೇ ಎಕ್ಸ್‌ಚೇಂಜಿನಿಂದ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಇರಲಿ ಬಿಡಲಿ, ರಿಸೀವರ್ ಎತ್ತಿದರೆ ಟೋನ್ ಕೇಳಿಸುತ್ತಿತ್ತು. ಈಗ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ. ಇಂಟರ್ನೆಟ್ ಜೋರಾಗಿದೆ, ಆದರೆ ಮನೆಯ ಮೋಡೆಮ್‌ಗೆ ಕರೆಂಟ್ ಇಲ್ಲದಿದ್ದರೆ ಆ ಫೋನೂ ಸುಮ್ನೆ ಕೂರುತ್ತದೆ. ಇದನ್ನು ಬದಲಾಯಿಸುವಾಗ ನಮಗೆ ಯಾರೂ ಹೇಳಲಿಲ್ಲ.

ಕೀಪ್ಯಾಡ್ ಏನು ಕೊಡುತ್ತದೆ

ಬ್ಯಾಟರಿ ಮೊದಲ ಗುಣ. ಸ್ಮಾರ್ಟ್‌ಫೋನಿನಲ್ಲಿ 5,000 ಎಂಎಎಚ್ ಬ್ಯಾಟರಿ ಇರುತ್ತದೆ, ಆದರೂ ಒಂದೂವರೆ ದಿನಕ್ಕೆ ಖಾಲಿ. ಕೀಪ್ಯಾಡಿನಲ್ಲಿ ಸುಮಾರು 1,000 ಎಂಎಎಚ್ ಮಾತ್ರ, ಆದರೆ ದಿನಗಟ್ಟಲೆ ಬರುತ್ತದೆ. ದೊಡ್ಡ ಪರದೆ ಇಲ್ಲ, ಹಿನ್ನೆಲೆಯಲ್ಲಿ ಓಡುವ ಆ್ಯಪ್ ಇಲ್ಲ. ನೋಕಿಯಾದ ಬಿಎಲ್-5ಸಿ ಮಾದರಿಯ ಬ್ಯಾಟರಿ ಇರುವ ಸೆಟ್ ಆದರೆ ಇನ್ನೂ ಒಳ್ಳೆಯದು. ಅದು ಸಣ್ಣ ಅಂಗಡಿಯಲ್ಲೂ ಸಿಗುತ್ತದೆ, ನಾವೇ ತೆಗೆದು ಹಾಕಬಹುದು. ಒಂದು ಎಚ್ಚರಿಕೆ ಮಾತ್ರ: ರೇಂಜ್ ತೀರಾ ಕಡಿಮೆ ಇರುವ ಜಾಗದಲ್ಲಿ ಯಾವ ಫೋನ್ ಆದರೂ ಟವರ್ ಹುಡುಕುತ್ತಾ ಬೇಗ ಖಾಲಿಯಾಗುತ್ತದೆ. ಬೇಡದ ಹೊತ್ತಿನಲ್ಲಿ ಆಫ್ ಮಾಡಿಡುವುದೇ ಸರಿ.

ಹಾಗಾದರೆ ಒಂದು ಪವರ್ ಬ್ಯಾಂಕ್ ಸಾಲದಾ? ನ್ಯಾಯವಾದ ಪ್ರಶ್ನೆ. ಎರಡರ ಬೆಲೆಯೂ ಹತ್ತಿರ ಹತ್ತಿರ. ಬರೀ ಚಾರ್ಜ್ ವಿಷಯ ಆದರೆ ಪವರ್ ಬ್ಯಾಂಕ್ ಸಾಕು ಅಂತಲೇ ಹೇಳುತ್ತೇನೆ. ಆದರೆ ಗದ್ದೆಯಲ್ಲಿ ಫೋನ್ ನೀರಿಗೆ ಬಿದ್ದರೆ, ಪರದೆ ಒಡೆದರೆ, ಒದ್ದೆ ಕೈಗೆ ಟಚ್ ಕೆಲಸ ಮಾಡದಿದ್ದರೆ ಪವರ್ ಬ್ಯಾಂಕ್ ಏನು ಮಾಡುತ್ತದೆ? ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಬಟನ್ ಫೋನೇ ಬೇಕು. ಕತ್ತಲೆಯಲ್ಲೂ ಬೆರಳಿಗೆ ಗುಂಡಿ ಗೊತ್ತಾಗುತ್ತದೆ. ಇಲ್ಲಿ ಒಂದು ಉಪಯೋಗದ ವಿಷಯ ಇದೆ. ಕೇಂದ್ರ ಸರ್ಕಾರದ 2016ರ ನಿಯಮದ ಪ್ರಕಾರ 2017ರ ಜನವರಿ 1ರಿಂದ ಮಾರುವ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ನಿಮ್ಮ ಸೆಟ್ಟಿನಲ್ಲಿ ಯಾವ ಗುಂಡಿ ಅಂತ ಪೆಟ್ಟಿಗೆಯಲ್ಲಿರುವ ಕಾಗದದಲ್ಲಿ ನೋಡಿ, ಅಜ್ಜ ಅಜ್ಜಿಯರಿಗೆ ತೋರಿಸಿಕೊಡಿ.

ನನಗೆ ಇನ್ನೂ ಮುಖ್ಯ ಅನಿಸುವುದು ಎಫ್‌ಎಂ ರೇಡಿಯೋ. ಟವರ್ ಎಲ್ಲಾ ಸತ್ತರೂ, ಸಿಮ್ ಇಲ್ಲದಿದ್ದರೂ ರೇಡಿಯೋ ಕೇಳಿಸುತ್ತದೆ. ಮಡಿಕೇರಿ ಆಕಾಶವಾಣಿ 103.1 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಯಾವ ರಸ್ತೆ ಬಂದ್, ಶಾಲೆಗೆ ರಜೆ ಇದೆಯಾ, ಎಲ್ಲೆಲ್ಲಿ ನೀರು ಏರಿದೆ ಅಂತ ತಿಳಿಯಲು ಇಂಟರ್ನೆಟ್ ಬೇಡ. ಹೆಚ್ಚಿನ ಸೆಟ್‌ಗಳಲ್ಲಿ ಇಯರ್‌ಫೋನ್ ವೈರೇ ಆಂಟೆನಾ, ಅದನ್ನೂ ಜೊತೆಗೇ ಇಡಬೇಕು. ಸ್ಮಾರ್ಟ್‌ಫೋನುಗಳಿಂದ ಎಫ್‌ಎಂ ಮಾಯವಾಗುತ್ತಿದೆ ಅಂತ 2023ರಲ್ಲಿ ಕೇಂದ್ರ ಸರ್ಕಾರವೇ ಫೋನ್ ತಯಾರಕರಿಗೆ, ಅದನ್ನು ಉಳಿಸಿ ಅಂತ ಸಲಹೆ ಕೊಟ್ಟಿತ್ತು. ಕೀಪ್ಯಾಡಿನಲ್ಲಿ ಅದು ಈಗಲೂ ಇದೆ.

ರೇಂಜ್ ಜಾಸ್ತಿ ಅನ್ನುವ ಮಾತಿಗೆ ಬರೋಣ. ಅದು ಅರ್ಧ ನಿಜ. 2ಜಿಯಲ್ಲಿ, 900 ಮೆಗಾಹರ್ಟ್ಸ್‌ನಲ್ಲಿ ಫೋನ್ ಬೇಕಾದರೆ 2 ವ್ಯಾಟ್ ಶಕ್ತಿಯಲ್ಲಿ ಕೂಗಬಹುದು. 4ಜಿಯಲ್ಲಿ ಸಾಮಾನ್ಯವಾಗಿ 0.2 ವ್ಯಾಟ್. ಜೊತೆಗೆ 900ರ ಅಲೆ 1800, 2300ರ ಅಲೆಗಳಿಗಿಂತ ದೂರ ಹೋಗುತ್ತದೆ, ಮರಗಳ ಮಧ್ಯೆಯೂ ನುಸುಳುತ್ತದೆ. ಆದ್ದರಿಂದ ತೋಟದ ಒಳಗೆ 2ಜಿ ಸಿಗುವ ಜಾಗದಲ್ಲಿ 4ಜಿ ಸಿಗದೇ ಇರಬಹುದು. ಆದರೆ ಇದು 2ಜಿಯ ಗುಣ, ಗುಂಡಿಗಳ ಗುಣ ಅಲ್ಲ. ನಿಮ್ಮ ಸ್ಮಾರ್ಟ್‌ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ಮನ್ನು 2ಜಿಗೆ ಮಾತ್ರ ಇಟ್ಟರೆ ಅದಕ್ಕೂ ಅಷ್ಟೇ ರೇಂಜ್ ಸಿಗುತ್ತದೆ. ಆಮೇಲೆ ವಾಪಸ್ 4ಜಿಗೆ ಹಾಕಲು ಮರೆಯಬಾರದು. 2ಜಿಯಲ್ಲಿ ಮಾತನ್ನು ಗುಟ್ಟಾಗಿಡುವ ವಿಧಾನ ಹಳೆಯದು, ಕದ್ದು ಕೇಳುವವರಿಗೆ ಸುಲಭ.

ಕೊಳ್ಳುವಾಗ ಎಡವುವ ಜಾಗ

ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಸಾವಿರ ಚಿಲ್ಲರೆ ಕೊಟ್ಟು ಸೆಟ್ ತಂದು, ಮನೆಯಲ್ಲಿ ಜಿಯೋ ಸಿಮ್ ಹಾಕಿ, ಸರ್ವೀಸ್ ಇಲ್ಲ ಅಂತ ಪರದಾಡಿದವರು ನಮ್ಮ ಊರಿನಲ್ಲೇ ಇಬ್ಬರಿದ್ದಾರೆ. ಸೆಟ್ ಕೆಟ್ಟಿಲ್ಲ. ಜಿಯೋಗೆ 2ಜಿ ಜಾಲವೇ ಇಲ್ಲ, 2016ರಲ್ಲಿ ಶುರುವಾದಾಗಿನಿಂದ 4ಜಿಯಲ್ಲೇ ಕರೆ. ಹಾಗಾಗಿ 2ಜಿ ಸೆಟ್‌ಗೆ ಅದು ಆಗುವುದಿಲ್ಲ, 4ಜಿ ಕೀಪ್ಯಾಡ್ ಬೇಕು. 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಫೋನ್ ಅಂಥದ್ದು. ಆದರೆ ಅದಕ್ಕೆ ಜಿಯೋ ಸಿಮ್ ಬಿಟ್ಟು ಬೇರೆ ಸಿಮ್ ಹಿಡಿಯುವುದಿಲ್ಲ. ನಿಮ್ಮ ದೊಡ್ಡ ಫೋನಿನಲ್ಲಿ ಈಗಾಗಲೇ ಜಿಯೋ ಇದ್ದರೆ ಇನ್ನೊಂದು ಜಿಯೋದಿಂದ ಏನು ಲಾಭ? ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ 2ಜಿ ಇನ್ನೂ ನಡೆಸುತ್ತಿವೆ. ಎರಡು ಸಿಮ್ ಹಾಕುವ, ಕಂಪನಿ ಬೀಗ ಇಲ್ಲದ 4ಜಿ ಕೀಪ್ಯಾಡ್ ಸ್ವಲ್ಪ ದುಬಾರಿ, ಆದರೆ ಅದೇ ವಾಸಿ.

ಬೇರೆ ಕಂಪನಿ ಸಿಮ್ ಹಾಕಿದರೂ ಮುಗಿಯಲಿಲ್ಲ. ಇದು ನನಗೆ ತಡವಾಗಿ ಗೊತ್ತಾದ ಸಂಗತಿ. ಒಂದೇ ಟವರಿನಲ್ಲಿ ಎರಡು ಮೂರು ಕಂಪನಿಗಳ ಆಂಟೆನಾ ಇರುತ್ತವೆ. ಇಂಡಸ್ ಟವರ್ಸ್‌ನಂಥ ಟವರ್ ಕಂಪನಿಯ ಕಂಬದಲ್ಲಿ ಏರ್‌ಟೆಲ್ಲೂ ವಿಐಯೂ ಬಾಡಿಗೆಗೆ ಇರುವುದು ಸಾಮಾನ್ಯ. ಹೆಸರು ಬೇರೆ, ಬ್ಯಾಟರಿ ಒಂದೇ, ಡೀಸೆಲ್ಲೂ ಒಂದೇ. ಡೀಸೆಲ್ ಮುಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ನಿಮ್ಮ ಕಡೆ ಹೇಗಿದೆ ಅಂತ ತಿಳಿಯಲು ಕಷ್ಟವೇನಿಲ್ಲ. ಕರೆಂಟ್ ಹೋದ ಎರಡನೇ ದಿನ ಅಕ್ಕಪಕ್ಕದವರನ್ನು ಕೇಳಿ: ಯಾರ ಸಿಮ್ಮಿಗೆ ಇನ್ನೂ ರೇಂಜ್ ಇದೆ? ಎರಡನೇ ಫೋನಿಗೆ ಆ ಸಿಮ್.

ಸಣ್ಣ ವಿಷಯಗಳೂ ಇವೆ. ಈಗಿನ ಸಿಮ್ ನ್ಯಾನೋ ಅಳತೆಯದ್ದು, ಎಷ್ಟೋ ಕೀಪ್ಯಾಡ್‌ಗಳಿಗೆ ದೊಡ್ಡ ಸಿಮ್ ಬೇಕು. ಸಿಮ್ ಜೊತೆ ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬೇಡಿ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ತೆಗೆದುಕೊಂಡಿದ್ದರೆ ಅದನ್ನು ಕೀಪ್ಯಾಡಿಗೆ ಹಾಕುವ ದಾರಿಯೇ ಇಲ್ಲ. ನಂಬರುಗಳೆಲ್ಲ ಗೂಗಲ್ ಖಾತೆಯಲ್ಲಿ ಇರುವುದರಿಂದ ಸಿಮ್ ಬದಲಿಸಿದರೆ ಹೆಸರುಗಳು ಬರುವುದಿಲ್ಲ. ಕೈಯಾರೆ ತುಂಬಬೇಕು. ಆ ರಾತ್ರಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು.

ರೀಚಾರ್ಜ್ ಬಗ್ಗೆ ಜನ ಗೊಣಗುವುದು ಸುಳ್ಳಲ್ಲ. ಇಂಟರ್ನೆಟ್ಟೇ ಇಲ್ಲದ ಫೋನಿಗೆ ಡೇಟಾ ಪ್ಯಾಕ್ ಹಾಕಿಸಬೇಕಾಗಿತ್ತು. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು ಅಂತ ನಿಯಮ ಮಾಡಿತು. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ, ಅವರಾಗಿ ಹೇಳುವುದು ಕಡಿಮೆ. 90 ದಿನ ಕರೆ, ಮೆಸೇಜ್ ಏನೂ ಇಲ್ಲದೆ, 20 ರೂಪಾಯಿ ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ದರೆ ಸಿಮ್ ರದ್ದಾಗಬಹುದು. ಮಳೆಗಾಲದಲ್ಲಿ ಮಾತ್ರ ಹೊರತೆಗೆಯುವವರು ಇದನ್ನು ಗಮನಿಸಬೇಕು.

ಬ್ಯಾಟರಿ ಉಬ್ಬಿದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಒಳಗೆ ಕೆಟ್ಟುಹೋಗುತ್ತದೆ. ಅರ್ಧ ಚಾರ್ಜ್ ಮಾಡಿ ಇಡಬೇಕು, ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಉಬ್ಬಿದ್ದನ್ನು ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ.

ದುಡ್ಡು, ಮೆಸೇಜು

ಅಂಗಡಿಗೆ ಹೋದರೆ ಎಲ್ಲದಕ್ಕೂ ಕ್ಯೂಆರ್. ಕೀಪ್ಯಾಡಿನಿಂದ ದುಡ್ಡು ಕಳಿಸಲು ಎರಡು ದಾರಿ ಇವೆ. ಸ್ಟಾರ್ 99 ಹ್ಯಾಶ್ ಒತ್ತಿ ಕಳಿಸುವುದು ಹಳೆಯದು, ಇಂಟರ್ನೆಟ್ ಬೇಡ, ಮಿತಿ 5,000 ರೂಪಾಯಿ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ಶುರು ಮಾಡಿತು. 080 4516 3666ಕ್ಕೆ ಕರೆ ಮಾಡಿ, ಅದು ಕೇಳಿದ ಹಾಗೆ ಗುಂಡಿ ಒತ್ತುವುದು. ಅದರ ಮಿತಿ ಈಗ 10,000. ಎರಡಕ್ಕೂ ಮೊದಲೇ ಡೆಬಿಟ್ ಕಾರ್ಡ್ ವಿವರ ಕೊಟ್ಟು ಪಿನ್ ಮಾಡಿಕೊಂಡಿರಬೇಕು. ಟವರ್ ಸತ್ತರೆ ಇವೂ ಇಲ್ಲ. ಮಳೆಗಾಲದಲ್ಲಿ ಮನೆಯಲ್ಲಿ ಒಂದಿಷ್ಟು ನಗದು ಇರಲೇಬೇಕು, ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಬ್ಯಾಂಕಿನ ಸಿಮ್ಮನ್ನೇ ಕೀಪ್ಯಾಡಿಗೆ ಹಾಕಿಡಿ, ಕಳ್ಳರಿಂದ ಕಾಪಾಡುತ್ತದೆ ಅನ್ನುವವರಿದ್ದಾರೆ. ಅದರಲ್ಲಿ ಸತ್ಯ ಇದೆ. ವಾಟ್ಸಾಪಿನಲ್ಲಿ ಮದುವೆ ಕಾಗದ, ಟ್ರಾಫಿಕ್ ದಂಡದ ಹೆಸರಿನಲ್ಲಿ ಎಪಿಕೆ ಫೈಲ್ ಬರುತ್ತದೆ. ಒತ್ತಿದರೆ ಅದು ಆ್ಯಪ್ ಆಗಿ ಫೋನಿಗೆ ಸೇರಿಕೊಂಡು ಒಟಿಪಿ ಮೆಸೇಜುಗಳನ್ನು ಕದಿಯುತ್ತದೆ. ಒಟಿಪಿ ಬೇರೆ ಸೆಟ್ಟಿಗೆ ಬಂದರೆ ಆ ಕಳ್ಳತನ ನಡೆಯುವುದಿಲ್ಲ. ಆದರೆ ಯುಪಿಐ ಆ್ಯಪ್ ನೋಂದಾಯಿಸಲು ಬ್ಯಾಂಕಿನ ಸಿಮ್ ಅದೇ ಫೋನಿನಲ್ಲಿ ಇರಬೇಕು. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆ, ವಾಟ್ಸಾಪಿನಂಥ ಆ್ಯಪ್‌ಗಳೂ ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ನಡೆಯಬೇಕು ಅಂತ ನಿರ್ದೇಶನ ಕೊಟ್ಟಿತು. ಸಿಮ್ಮನ್ನು ಸಣ್ಣ ಸೆಟ್ಟಿಗೆ ಹಾಕಿ, ವೈಫೈನಲ್ಲಿ ದೊಡ್ಡ ಫೋನಿನ ವಾಟ್ಸಾಪ್ ನೋಡುವ ಹಳೆಯ ಉಪಾಯಕ್ಕೆ ಇದು ತೊಡಕು. ಹಾಗಾಗಿ ನನ್ನ ಸಲಹೆ: ಬ್ಯಾಂಕ್ ಸಿಮ್ ದೊಡ್ಡದರಲ್ಲೇ ಇರಲಿ, ಸಣ್ಣದಕ್ಕೆ ಬೇರೆ ಸಿಮ್ ಬೇರೆ ನಂಬರ್. ಉಳಿತಾಯದ ದೊಡ್ಡ ಮೊತ್ತ ಇರುವ ಖಾತೆ ಯುಪಿಐಗೆ ಸೇರದಿದ್ದರೆ, ಅದರ ಒಟಿಪಿ ಮಾತ್ರ ಸಣ್ಣದಕ್ಕೆ ಬರುವಂತೆ ಮಾಡಬಹುದು.

ಕರೆ ಹೋಗದಾಗಲೂ ಎಸ್ಸೆಮ್ಮೆಸ್ ಹೋಗುವುದನ್ನು ನೀವು ನೋಡಿರಬಹುದು. ಅದಕ್ಕೆ ಒಂದು ಕ್ಷಣದ ಸಂಪರ್ಕ ಸಾಕು, ಸಿಗದಿದ್ದರೆ ಕಾದು ಮತ್ತೆ ಪ್ರಯತ್ನಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಿ ಬರೆದರೆ 70 ಮಾತ್ರ. ಒತ್ತಕ್ಷರ, ಕೊಂಬುಗಳೂ ಲೆಕ್ಕಕ್ಕೆ ಬರುತ್ತವೆ. ಹಳೆಯ ಸೆಟ್‌ಗಳಲ್ಲಿ ಕನ್ನಡ ಮೆಸೇಜ್ ಬಂದರೆ ಬರೀ ಚೌಕ ಕಾಣುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಕನ್ನಡ ಮೆಸೇಜ್ ಕಳಿಸಿ ನೋಡಿ. ಎಚ್ಚರಿಕೆ ಸಂದೇಶ ಕನ್ನಡದಲ್ಲಿ ಬಂದು, ಓದಲು ಆಗದಿದ್ದರೆ ಏನು ಪ್ರಯೋಜನ? 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಪರೀಕ್ಷೆಗಾಗಿ ಎಲ್ಲರ ಫೋನ್ ಒಟ್ಟಿಗೆ ಕೂಗಿತ್ತಲ್ಲ, ಆ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಯನ್ನು ಎಲ್ಲಾ ಕೀಪ್ಯಾಡ್‌ಗಳೂ ಹಿಡಿಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಇದ್ದರೆ ಆನ್ ಮಾಡಿ.

ಟವರಿನ ಲೆಕ್ಕ ಕೇಳಬೇಕು

ನಾವು ಮನೆಯಲ್ಲಿ ಎಷ್ಟೇ ತಯಾರಿ ಮಾಡಿಕೊಂಡರೂ ಟವರ್ ನಿಂತರೆ ಎಲ್ಲಾ ನಿಂತ ಹಾಗೆ. ಇದಕ್ಕೆ ಸರ್ಕಾರದ ಬಳಿ ಒಂದು ದಾರಿ ಇದೆ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿಗೆ ಬಂದಾಗ, ಯಾವ ಕಂಪನಿಯ ಟವರ್ ಬದುಕಿದೆಯೋ ಅದನ್ನೇ ಎಲ್ಲಾ ಕಂಪನಿಯ ಗಿರಾಕಿಗಳೂ ಬಳಸಲು ಬಿಟ್ಟಿದ್ದರು. ಅದಕ್ಕೆ ಇಂಟ್ರಾ ಸರ್ಕಲ್ ರೋಮಿಂಗ್ ಅನ್ನುತ್ತಾರೆ. ಫೋನಿನಲ್ಲಿ ನೆಟ್‌ವರ್ಕ್ ಆಯ್ಕೆಗೆ ಹೋಗಿ ಬೇರೆ ಕಂಪನಿಯ ಹೆಸರು ಒತ್ತಿದರೆ ಆಯಿತು, ಕೀಪ್ಯಾಡಿನಲ್ಲೂ ಆಗುತ್ತದೆ. ಚಂಡಮಾರುತಕ್ಕೆ ಮಾಡಿದ್ದನ್ನು ಕೊಡಗಿನ ಮಳೆಗೆ ಯಾಕೆ ಮಾಡಬಾರದು? ನಮ್ಮ ಮಳೆ ಹೇಳದೇ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಡ್ ಅಲರ್ಟ್ ಇದ್ದ ದಿನವೆಲ್ಲ ಇದು ತಾನಾಗಿ ಶುರುವಾಗಬೇಕು. ಜಿಲ್ಲಾಡಳಿತ ಮೇ ತಿಂಗಳ ಸಭೆಯಲ್ಲಿ ರಸ್ತೆ, ದೋಣಿ, ಕಾಳಜಿ ಕೇಂದ್ರದ ಲೆಕ್ಕ ಕೇಳುವ ಹಾಗೆ, ಯಾವ ಟವರಿನಲ್ಲಿ ಎಷ್ಟು ಗಂಟೆಯ ಬ್ಯಾಟರಿ ಇದೆ, ಡೀಸೆಲ್ ಎಷ್ಟು ಇದೆ ಅಂತಲೂ ಕೇಳಬೇಕು. ಅದನ್ನು ಪಂಚಾಯಿತಿ ಬೋರ್ಡಿನಲ್ಲಿ ಹಾಕಬೇಕು.

ಇನ್ನೊಂದು ಚಿಂತೆ 2ಜಿಯದ್ದು. ದೇಶವನ್ನು 2ಜಿಯಿಂದ ಬಿಡಿಸಬೇಕು ಅಂತ ಜಿಯೋ ಕಡೆಯಿಂದ 2020ರಿಂದಲೂ ಒತ್ತಾಯ ಇದೆ. ಏರ್‌ಟೆಲ್ ತನ್ನ 3ಜಿಯನ್ನು ಆಗಲೇ ಮುಚ್ಚಿತು. ಒಂದು ದಿನ 2ಜಿಯೂ ಹೋಗುತ್ತದೆ. ಹೋಗುವ ಮೊದಲು ಅಷ್ಟೇ ದೂರ ತಲುಪುವ 4ಜಿ ನಮ್ಮ ತೋಟಗಳ ಒಳಗೆ ಬಂದಿರಬೇಕು. ನನ್ನಂಥವರಿಗೆ ಕೀಪ್ಯಾಡ್ ಎರಡನೇ ಫೋನ್. ಲೈನ್ ಮನೆಯಲ್ಲಿರುವ ಎಷ್ಟೋ ಜನರಿಗೆ ಅದೊಂದೇ ಫೋನ್. ಆನೆ ಬಂದಿದೆ ಅಂತ ತಿಳಿಸಲು, ಊರಿನಲ್ಲಿರುವ ಮಕ್ಕಳ ಜೊತೆ ಮಾತಾಡಲು, ಕೂಲಿ ಬ್ಯಾಂಕಿಗೆ ಬಿತ್ತಾ ಅಂತ ನೋಡಲು, ಎಲ್ಲಕ್ಕೂ ಅದೇ.

ನಾವು ಈಗ ಎರಡು ಸಿಮ್ಮಿನ ಒಂದು 4ಜಿ ಕೀಪ್ಯಾಡ್ ತಂದಿದ್ದೇವೆ. ಭಾನುವಾರ ಬೆಳಿಗ್ಗೆ ಅಮ್ಮನೇ ಅದನ್ನು ಆನ್ ಮಾಡಿ ತಮ್ಮನಿಗೆ ಒಂದು ಕರೆ ಮಾಡುತ್ತಾರೆ, ಚಾರ್ಜ್ ನೋಡುತ್ತಾರೆ. ಒಂದು ಸಿಮ್ಮಿಗೆ ಜಗಲಿಯಲ್ಲಿ ರೇಂಜ್, ಇನ್ನೊಂದಕ್ಕೆ ಕಣದ ಮೂಲೆಯಲ್ಲಿ. ಆರು ನಂಬರುಗಳನ್ನು ದೊಡ್ಡದಾಗಿ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದ್ದೇವೆ: ಪಕ್ಕದ ತೋಟದ ಜೀಪು, ತಮ್ಮ, ಲೈನ್‌ಮನ್, ನಾಪೋಕ್ಲಿನ ಆಸ್ಪತ್ರೆ, ಲೈನ್ ಮನೆಯ ಅಕ್ಕ, ಮತ್ತೆ 112. ಅಕ್ಕನಿಗೆ ಅದರ ಒಂದು ಪ್ರತಿ ಕೊಡಲು ಹೋದಾಗ ಕಾಗದ ಮಳೆಗೆ ಹಾಳಾಗುತ್ತೆ ಅಂದರು. ಅವರ ಮನೆಯ ಒಳಗೋಡೆಯ ಮೇಲೆ ಪೇಂಟಿನಲ್ಲಿ ಬರೆದು ಬಂದೆ.